ಹಿಂದಕ್ಕೆ ತೆಗೆದ ಮೇಲೆ ಮೊದಲ ಬ್ರೇಕಿಗೆ ಬರುವ ‘ಟಕ್’ ಸದ್ದು

ಕಾರಿಗೆ ಹೊಸ ಬ್ರೇಕ್ ಪ್ಯಾಡ್ (ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಹಾಕಿಸಿದ ಮೇಲೆ, ಗಾಡಿಯನ್ನು ಹಿಂದಕ್ಕೆ ತೆಗೆದು ಮುಂದೆ ಹೊರಟಾಗ ಮೊದಲ ಬ್ರೇಕಿಗೆ ಮಾತ್ರ ಒಮ್ಮೆ ‘ಟಕ್’ ಎನ್ನುತ್ತದೆ ಎಂದು ನೀವು ಬರೆದಿರುವುದರಿಂದ, ಮುಂದಿನ ಚಕ್ರದ ಪ್ಯಾಡ್ ತಾನು ಕೂರುವ ಚೌಕಟ್ಟಾದ ಬ್ರ್ಯಾಕೆಟ್ಟಿನಲ್ಲಿ ಸಡಿಲವಾಗಿ ಸರಿಯುತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹಿಡಿದಿಡುವ ಸಣ್ಣ ಸ್ಟೀಲ್ ಕ್ಲಿಪ್‌ಗಳನ್ನು ಹಳೆಯವನ್ನೇ ಹಾಕಿರಬಹುದು, ಇಲ್ಲವೇ ಹಾಕದೆಯೇ ಬಿಟ್ಟಿರಬಹುದು.

ಮೊದಲು ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಸಮತಟ್ಟಾದ ಖಾಲಿ ಜಾಗದಲ್ಲಿ ಕಿಟಕಿ ಇಳಿಸಿ, ನಡಿಗೆಯ ವೇಗದಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿ ಬ್ರೇಕ್ ಒತ್ತಿರಿ. ದಿಕ್ಕು ಬದಲಾದಾಗ ಮಾತ್ರ ಸದ್ದಾದರೆ ಪ್ಯಾಡಿನ ಮೇಲಿನ ಅನುಮಾನ ಬಲವಾಗುತ್ತದೆ. ಚಕ್ರ ಸುತ್ತಿದಂತೆಲ್ಲ ಮರುಕಳಿಸಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿ ಸಿಕ್ಕಿರಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಎಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟನ್ನು ನೋಡಿಸಬೇಕು.

ಆಮೇಲೆ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ, ಪ್ಯಾಡಿನ ಎರಡೂ ತುದಿಗಳು ಕೂರುವ ಜಾಗವನ್ನು ಎದುರಿಗೆ ನಿಂತು ನೋಡಿರಿ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಅಲ್ಲಿ ಮೆತ್ತಿ, ಒಣಗಿ, ಕಲ್ಲಿನಂತೆ ಕೂತಿರುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕಿಸಿ, ಹೊಸ ಕ್ಲಿಪ್ ಹಾಕಿಸಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬೋಲ್ಟುಗಳನ್ನು, ನಿಗದಿತ ಬಿಗಿತವನ್ನು ಅಳೆದು ಬಿಗಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಸಲು ಹೇಳಿರಿ. ಬರೀ ಸದ್ದಿನಿಂದ ಖಚಿತವಾಗಿ ಹೇಳಲಾಗದು: ಆ ಬೋಲ್ಟ್ ಸಡಿಲವಾಗಿದ್ದರೂ ಹೀಗೆಯೇ ಕೇಳಿಸುತ್ತದೆ. ಆದ್ದರಿಂದ ಅದನ್ನು ನೋಡಿಸುವವರೆಗೆ ಗಾಡಿಯನ್ನು ಹುಬ್ಬಳ್ಳಿ-ಧಾರವಾಡ ಬೈಪಾಸಿಗೆ ಒಯ್ಯಬೇಡಿರಿ.