ಕೆರಿ ಬ್ಲೂ, ಐರಿಷ್ ಬ್ಲೂ: ಹೆಸರು ಎರಡು, ನಾಯಿ ಒಂದೇ

ಪ್ರಶ್ನೆ: ಐರಿಷ್ ಬ್ಲೂ ಟೆರಿಯರ್ ಬೇರೆ, ಕೆರಿ ಬ್ಲೂ ಟೆರಿಯರ್ ಬೇರೆ ಅಲ್ವಾ? ಮೊದಲನೆಯದೇ ಹಳೆಯ, ಅಸಲಿ ತಳಿ ಅಂತ ಮರಿ ಮಾರುವವರು ಹೇಳಿದರು.

ಉತ್ತರ: ಅಲ್ಲ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ, ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಐರ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕೆರಿ ಅನ್ನುವ ಜಿಲ್ಲೆ ಇದೆ. ಇದು ಅಲ್ಲಿನ ರೈತರ ಮನೆಯ ನಾಯಿ. ದನ ಅಟ್ಟಲು, ಇಲಿ ಹಿಡಿಯಲು, ಬ್ಯಾಜರ್ (ಬಿಲ ತೋಡಿ ಬದುಕುವ ಕಾಡುಪ್ರಾಣಿ) ಬೇಟೆಗೆ, ರಾತ್ರಿ ಅಂಗಳ ಕಾಯಲು, ಎಲ್ಲಕ್ಕೂ ಇದೇ. ಐರಿಷ್ ಭಾಷೆಯಲ್ಲಿ ಇದನ್ನು ‘ಬ್ರೊಕರ ಗೊರಮ್’ ಅನ್ನುತ್ತಾರೆ. ‘ಬ್ರೊಕ್’ ಅಂದರೆ ಬ್ಯಾಜರ್, ‘ಗೊರಮ್’ ಅಂದರೆ ನೀಲಿ. ಆ ಹೆಸರಲ್ಲಿ ಊರೂ ಇಲ್ಲ, ದೇಶವೂ ಇಲ್ಲ. ಕೆಲಸ ಮತ್ತು ಬಣ್ಣ ಮಾತ್ರ.

ದೇಶದ ಹೆಸರು ಸೇರಿದ್ದು ಬ್ರಿಟಿಷರ ವಿರುದ್ಧ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ. ಆಗ ನಾಯಿ ಪ್ರದರ್ಶನಕ್ಕೆ ಲಂಡನ್ನಿನ ಕೆನಲ್ ಕ್ಲಬ್ಬಿನ (ನಾಯಿ ತಳಿಗಳ ದಾಖಲೆ ಇಡುವ ಸಂಸ್ಥೆ) ಪರವಾನಗಿ ಬೇಕಿತ್ತು. 1920ರಲ್ಲಿ ಡಬ್ಲಿನ್ ಐರಿಷ್ ಬ್ಲೂ ಟೆರಿಯರ್ ಕ್ಲಬ್ ಹುಟ್ಟಿತು. ಅದೇ ವರ್ಷ ಅವರು ಕರ್ಫ್ಯೂ ಇದ್ದ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ, ಪರವಾನಗಿ ಇಲ್ಲದೆ ತಮ್ಮ ಪ್ರದರ್ಶನ ನಡೆಸಿದರು. ಅಂಥ ಹೊತ್ತಲ್ಲಿ ಹೆಸರಿನ ಮುಂದೆ ‘ಐರಿಷ್’ ಅಂತ ಹಾಕಿದ್ದು ಸುಮ್ನೆ ಅಲ್ಲ. ಹೋರಾಟದ ಮುಂದಾಳು ಮೈಕಲ್ ಕಾಲಿನ್ಸ್ ಬಳಿಯೂ ಇಂಥ ನೀಲಿ ನಾಯಿ ಇತ್ತು. ಅದರ ಹೆಸರು ‘ಕನ್ವಿಕ್ಟ್ 224’. ಇದನ್ನೇ ದೇಶದ ನಾಯಿ ಮಾಡಬೇಕು ಅಂತ ಅವರು ಓಡಾಡಿದ್ದರು. 1922ರ ಆಗಸ್ಟ್‌ನಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಅದೇ ವರ್ಷ ಐರ್ಲೆಂಡಿಗೆ ತನ್ನದೇ ಕೆನಲ್ ಕ್ಲಬ್ ಬಂದಿತ್ತು.

ಇಂಗ್ಲೆಂಡ್, ಅಮೆರಿಕದ ದಾಖಲೆಗಳಲ್ಲಿ ಈ ನಾಯಿ ಜಿಲ್ಲೆಯ ಹೆಸರಿನಲ್ಲೇ, ‘ಕೆರಿ ಬ್ಲೂ’ ಅಂತಲೇ ಸೇರಿತು. ಜಗತ್ತಿಗೆಲ್ಲ ಹಬ್ಬಿದ್ದೂ ಅದೇ ಹೆಸರು. ಈಗ ಐರಿಷ್ ಕೆನಲ್ ಕ್ಲಬ್ ಕೂಡ ಕೆರಿ ಬ್ಲೂ ಅಂತಲೇ ಬರೆಯುತ್ತದೆ. ನಮ್ಮ ಮುಧೋಳ ನಾಯಿಯನ್ನು ಒಂದು ಸಂಸ್ಥೆ ಕಾರವಾನ್ ಹೌಂಡ್ ಅಂತ ಬರೆದುಕೊಳ್ಳುತ್ತದೆ. ಅಷ್ಟಕ್ಕೇ ಅದು ಬೇರೆ ತಳಿ ಆಯಿತಾ? ‘ಅಸಲಿ ಐರಿಷ್ ಬ್ಲೂ’ ಅಂತ ಜಾಸ್ತಿ ದುಡ್ಡು ಕೇಳುವವರ ಹತ್ತಿರ ಮರಿ ಕೊಳ್ಳಲೇಬೇಡಿ.

ಪ್ರಶ್ನೆ: ನೀಲಿ ಅಂದರು, ಮರಿ ಕಪ್ಪಗಿದೆ. ಮೋಸ ಹೋದೆನಾ?

ಉತ್ತರ: ಇಲ್ಲ. ಎಲ್ಲ ಕೆರಿ ಬ್ಲೂ ಮರಿಗಳೂ ಕಪ್ಪಗೇ ಹುಟ್ಟುತ್ತವೆ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಬಣ್ಣ ತಿರುಗುತ್ತದೆ, ನಡುವೆ ಸ್ವಲ್ಪ ಕಂದು ಕಂಡರೂ ಹೆದರಬೇಡಿ. ಹೋದ ವರ್ಷ ಕೂದಲು ಬಾಚಿಸಿಕೊಳ್ಳಲು ನನ್ನ ಮೇಜಿನ ಮೇಲೆ ಎಂಟು ತಿಂಗಳ ಮರಿಯೊಂದು ನಿಂತಿತ್ತು. ನೋಡಲು ಇದ್ದಿಲ ಕಪ್ಪು. ಬಾಚಣಿಗೆಯಿಂದ ಬೆನ್ನಿನ ಕೂದಲು ಬಿಡಿಸಿದರೆ ಬುಡದಲ್ಲಿ ಸ್ಲೇಟಿನ ಬಣ್ಣ! ಮೂತಿ, ಕಿವಿ, ಪಾದ ಮಾತ್ರ ದೊಡ್ಡದಾದ ಮೇಲೂ ಕಪ್ಪಗೇ ಉಳಿಯಬಹುದು. ಆ ಮರಿಗೆ ಯಾರೋ ‘ನೀಲಿ ಬರಿಸುವ ಎಣ್ಣೆ’ ಕೊಟ್ಟಿದ್ದರು. ಚರ್ಮವೆಲ್ಲ ಕೆಂಪಗೆ ಗುಳ್ಳೆ. ಕೂದಲಿನ ಬಣ್ಣ ವಂಶದಿಂದ ಬರುವುದು, ಶೀಶೆಯಿಂದಲ್ಲ. ಇಂಥದ್ದನ್ನು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: 1588ರಲ್ಲಿ ಒಡೆದ ಸ್ಪೇನ್ ಹಡಗಿನಿಂದ ಈಜಿ ಬಂದ ನಾಯಿಯಂತೆ?

ಉತ್ತರ: ಕಥೆ. ಪುರಾವೆ ಇಲ್ಲ.

ಪ್ರಶ್ನೆ: ಕೂದಲು ಉದುರಲ್ಲ, ಹಾಗಾಗಿ ಅಲರ್ಜಿ ಇದ್ದವರೂ ಸಾಕಬಹುದಾ?

ಉತ್ತರ: ಕೂದಲು ಕಡಿಮೆ ಉದುರುತ್ತದೆ, ನಿಜ. ಅಲರ್ಜಿ ಬರುವುದು ಎಂಜಲು, ಚರ್ಮದ ಹೊಟ್ಟಿನಿಂದಲೂ. ಮೊದಲು ವೈದ್ಯರನ್ನು ಕೇಳಿ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಾಕಬಹುದಾ?

ಉತ್ತರ: ವಾರಕ್ಕೆ ಎರಡು ಮೂರು ಸಲ ಬಾಚಿ, ತಿಂಗಳಿಗೊಮ್ಮೆಯಾದರೂ ಕೂದಲು ಕತ್ತರಿಸಿ, ದಿನಾ ಚೆನ್ನಾಗಿ ಓಡಾಡಿಸುವವರಾದರೆ ಸಾಕಿ. ಮನೆಯಲ್ಲಿ ಬೆಕ್ಕೋ ಇನ್ನೊಂದು ಜಗಳಗಂಟ ನಾಯಿಯೋ ಇದ್ದರೆ ಬೇಡ ಅಂತಲೇ ಹೇಳುತ್ತೇನೆ.