ಸಬ್‌ವೂಫರ್‌ಗೆ ಒಂದು ಸಂಜೆ ರಜೆ

ಪ್ರಶ್ನೆ: ಎಷ್ಟೋ ವರ್ಷದ ಆಸೆ, ಮನೆಯಲ್ಲೇ ಹೋಮ್ ಥಿಯೇಟರ್ ಮಾಡಿಸಿದೆ. ಪ್ರೊಜೆಕ್ಟರ್, ಸುತ್ತಲಿಂದಲೂ ಮೇಲಿಂದಲೂ ಸದ್ದು ಬರುವ 7.1.4 ಅಟ್ಮಾಸ್, ಎಲ್ಲ ಇದೆ. ಮೊದಲು ನಾನೂ ಹೆಂಡತಿಯೂ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಬಿಡದೆ ನೋಡುತ್ತಿದ್ದೆವು. ಈಗ ಅವನ್ನು ಇದರಲ್ಲಿ ಹಾಕಿದರೆ ವೇಸ್ಟ್ ಅನಿಸುತ್ತದೆ. ಗುಂಡು, ಗುಡುಗು ಇರುವ ಸಿನಿಮಾಗಳನ್ನೇ ಹುಡುಕುತ್ತೇನೆ. ಆಕೆ ಮಲಗುವ ಕೋಣೆಯಲ್ಲಿ ಒಬ್ಬಳೇ ಮೊಬೈಲ್‌ನಲ್ಲಿ ನೋಡುತ್ತಾಳೆ. ಏನು ಮಾಡಲಿ?

ಉತ್ತರ: ಸುತ್ತ ಏಳು, ತಲೆ ಮೇಲೆ ನಾಲ್ಕು, ಜೊತೆಗೆ ಗುಡುಗಿನಂಥ ತಗ್ಗಿನ ಸದ್ದಿಗೊಂದು ಸಬ್‌ವೂಫರ್. ಸ್ಪೀಕರ್‌ಗಳ ಲೆಕ್ಕ ಕೊಟ್ಟಿದ್ದೀರಿ, ಕುರ್ಚಿಗಳ ಲೆಕ್ಕ ಕೊಟ್ಟಿಲ್ಲ.

ದುಡ್ಡು ಸುರಿದ ಮೇಲೆ ಅದು ಕಿವಿಗೆ ಕೇಳಲೇಬೇಕು ಅನಿಸುವುದು ಸಹಜ. ಆದರೆ ಕಾರುಗಳು ಅಟ್ಟಿಸಿಕೊಂಡು ಹೋಗುವಾಗ ನಿಮ್ಮ ಕಣ್ಣು ಪರದೆ ಮೇಲೆ, ಗಮನ ಹಿಂದಿನ ಸ್ಪೀಕರ್ ಮೇಲೆ. ಹೌದು ಅಲ್ವಾ?

ಹಳೆಯ ಚಿತ್ರ ಹಾಕಿದರೆ ವೇಸ್ಟ್ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. 35 ಎಂಎಂ ಫಿಲ್ಮ್‌ನಿಂದ ಚೆನ್ನಾಗಿ 4ಕೆ ಸ್ಕ್ಯಾನ್ ಮಾಡಿದ ಕಪ್ಪು-ಬಿಳುಪು ಚಿತ್ರ ಒಂದನ್ನು ಹಾಕಿ ನೋಡಿ. ದೀಪವಾರಿದ ಕೋಣೆಯ ದೃಶ್ಯದಲ್ಲಿ ನೆರಳಿನೊಳಗೆ ಇನ್ನೊಂದು ನೆರಳು ಕಾಣುತ್ತದೆಯೇ? ಪ್ರೊಜೆಕ್ಟರ್‌ಗೆ ಇದು ಸ್ಫೋಟಗಳಿಗಿಂತ ಕಷ್ಟದ ಪರೀಕ್ಷೆ. ಚಿತ್ರ ಹಳೆಯ ಟಿವಿಯಂತೆ 4:3 (ಅಗಲ 4, ಎತ್ತರ 3) ಇದ್ದರೆ ಹಾಗೇ ಇರಲಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಪರದೆ ತುಂಬಲೆಂದು ಎಳೆದರೆ ನಾಯಕಿಯ ಮುಖ ಊದಿಕೊಳ್ಳುತ್ತದೆ. ಮೋನೋ (ಒಂದೇ ಚಾನೆಲ್ಲಿನ) ದನಿಯನ್ನೂ ಎಲ್ಲ ಸ್ಪೀಕರ್‌ಗೆ ಹಂಚಬೇಡಿ, ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಮುಂದಿನಿಂದಷ್ಟೇ ಬರಲಿ. (ಪ್ರಿಂಟ್ ತೀರಾ ಕೆಟ್ಟದ್ದಾಗಿದ್ದರೆ ದೊಡ್ಡ ಪರದೆ ಅದರ ಮಾನ ಕಳೆಯುತ್ತದೆ. ಆಗ ಟಿವಿಯೇ ವಾಸಿ, ಇಬ್ಬರೂ ಅಲ್ಲೇ ಕೂತುಕೊಳ್ಳಿ.)

ಇನ್ನೊಂದು ಸಂಶಯ ಇದೆ. ಆಕೆ ಎದ್ದು ಹೋಗಿದ್ದು ಸಿನಿಮಾ ಬೇಸರವಾಗಿಯೋ, ಸದ್ದಿಗೆ ಹೆದರಿಯೋ? ಮಾತು ಪಿಸುಗುಟ್ಟಿದ ಹಾಗೆ, ಸ್ಫೋಟ ಎದೆಗೆ ಗುದ್ದಿದ ಹಾಗೆ ಇದ್ದರೆ ಯಾರಿಗೂ ಸಾಕಾಗುತ್ತದೆ. ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರ್‌ನಿಂದ. ಅದನ್ನು 2–3 ಡೆಸಿಬಲ್ ಏರಿಸಿ. ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ, ಜೋರು-ಮೆಲ್ಲಗಿನ ನಡುವಿನ ಅಂತರ ಕಡಿಮೆಯಾಗುತ್ತದೆ. ಇದು ಅಪಚಾರ ಎಂದು ನಿಮ್ಮ ಆಡಿಯೋ ಗೆಳೆಯರು ಬೈದರೆ ಬೈಯಲಿ, ಸೋಫಾದಲ್ಲಿ ನಿಮ್ಮ ಪಕ್ಕ ಕೂರುವವರು ಅವರಲ್ಲವಲ್ಲ.

ಈ ಸೆಟ್ಟಿಂಗ್ ಎಲ್ಲ ಆಕೆ ಬರುವ ಮೊದಲೇ ಮುಗಿಸಿ. ಬಂದ ಮೇಲೆ ರಿಮೋಟ್ ಅವರ ಕೈಗೆ ಕೊಡಿ. ಆರಿಸಿದ್ದು ಏನೇ ಇರಲಿ, ಸುಮ್ನೆ ನೋಡಿ. ನಡುವೆ "ಹಿಂದಿಂದ ಬಂತಲ್ಲ, ಕೇಳಿಸ್ತಾ?" ಅಂತ ಮಾತ್ರ ಕೇಳಬೇಡಿ.