ಟ್ರಿಮ್ ಆಮೇಲೆ, ಮೊದಲು ಬಾಗಿಲು ನೋಡು

ತಮ್ಮಾ, ‘ಮಿಶಿಗನ್‌ನಲ್ಲಿ ಹಳೇ ಮೊಬೈಲ್ ಹೋಮ್ (ಕಾರ್ಖಾನೇಲಿ ಕಟ್ಟಿ ತಂದು ನಿಲ್ಲಿಸೋ ಮನೆ) ತಗೊಂಡಿದ್ದೀವಿ ಅಣ್ಣಾ, ಒಳಬಾಗಿಲುಗಳ ಟ್ರಿಮ್ ಕಿತ್ತುಬಂದಿದೆ, ಬಡಗೀನ ಕರೆಸಲಾ?’ ಅಂತ ಕೇಳಿದ್ದೀಯ. ಬೇಡ. ಇಲ್ಲಿ ಮರಕ್ಕಿಂತ ಕೂಲಿ ದುಬಾರಿ.

ನಮ್ಮೂರಲ್ಲಿ ಚೌಕಟ್ಟು ನಿಲ್ಲಿಸಿ ಸುತ್ತ ಗಾರೆ ಮೆತ್ತಿದರೆ ಸಂದು ಮುಚ್ಚಿಹೋಗುತ್ತೆ. ಇಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಸಂದು ಹಾಗೇ ಇರುತ್ತೆ, ಅದನ್ನ ಮರೆಮಾಡೋ ಪಟ್ಟಿಯೇ ಟ್ರಿಮ್. ಅದು ಬಾಯಿಬಿಟ್ಟಿದ್ದರೆ ತಪ್ಪು ಅದರದ್ದಲ್ಲದೆಯೂ ಇರಬಹುದು. ನಿನ್ನ ಮನೆ ಕೂತಿರೋದು ಬ್ಲಾಕ್‌ಗಳ ಮೇಲೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತೆ, ವಸಂತಕ್ಕೆ ಇಳಿಯುತ್ತೆ, ಮನೆ ಒಂದು ಕಡೆ ವಾಲುತ್ತೆ. ಬಾಗಿಲನ್ನ ಅರ್ಧ ತೆರೆದು ಕೈಬಿಡು. ತಾನಾಗೇ ತಿರುಗಿದರೆ, ಇಲ್ಲಾ ಮೇಲ್ಮೂಲೆ ಉಜ್ಜಿದರೆ, ಮೊದಲು ಮನೆ ಮಟ್ಟ ಮಾಡಿಸು. ಆ ಕೆಲಸಕ್ಕೆ ಮಾತ್ರ ಗೊತ್ತಿರೋರನ್ನೇ ಕರೆಸು, ನೀನು ಜ್ಯಾಕ್ ಹಿಡಿದು ಮನೆ ಕೆಳಗೆ ನುಗ್ಗಬೇಡ.

ಮನೆ ಎಷ್ಟು ಹಳೇದು ಅಂತ ತಿಳಿಯೋಕೆ, ಹೊರಗೋಡೆಯ ತುದೀಲಿ ಸರ್ಕಾರದ ನಿಯಮದಂತೆ ಕಟ್ಟಿದ್ದು ಅಂತ ಹೇಳೋ ಕೆಂಪು ತಗಡಿನ ಬಿಲ್ಲೆ ಇದೆಯಾ ನೋಡು. ಇದ್ದರೆ 1976ರ ಜೂನ್ 15ರ ನಂತರದ್ದು. ಆದರೂ ಮನೆ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ. ಅದಕ್ಕೂ ಹಳೇದಾದರೆ ಬಣ್ಣ ಉಜ್ಜೋಕೆ ಹೋಗಬೇಡ.

ನಾನು ಮಾಡಿದ ಪೆದ್ದುತನ ಕೇಳು. ಚೌಕಟ್ಟು ಸಮೇತ ಸಿಗೋ ಮಾಮೂಲಿ ಬಾಗಿಲು ತಂದೆ. ಅದರ ಚೌಕಟ್ಟು ನಾಲ್ಕೂವರೆ ಇಂಚಿಗೂ ಚೂರು ಹೆಚ್ಚು, ನಮ್ಮ ಗೋಡೆ ಮೂರಿಂಚು ಚಿಲ್ಲರೆ. ಚೌಕಟ್ಟು ಒಂದಿಂಚಿಗೂ ಮೇಲೆ ಹೊರಗೆ ಚಾಚಿತು, ಟ್ರಿಮ್ ಗೋಡೆಗೆ ತಾಗದೆ ಗಾಳೀಲಿ ನಿಂತಿತು. ನಮ್ಮವಳು ಅದರ ಮೇಲೆ ಲೋಟ ಇಟ್ಟು ತೋರಿಸಿದಳು! ಗೋಡೆ ದಪ್ಪ ಅಳೆದ ಮೇಲೇ ಅಂಗಡಿಗೆ ಹೋಗು.

ಹಳೇ ಪಟ್ಟಿ ಕೀಳೋ ಮೊದಲು ಅಂಚಿಗೆ ಚಾಕು ಎಳೆ. ಗೋಡೆ ಜಿಪ್ಸಮ್ ಹಲಗೆ, ಮೇಲೆ ವಿನೈಲ್ ಕಾಗದ. ಸುಮ್ಮನೆ ಎಳೆದರೆ ಕಾಗದ ಸಿಪ್ಪೆಯಂತೆ ಬರುತ್ತೆ. ಹೊಸ ಪಟ್ಟಿಯನ್ನ ಚೌಕಟ್ಟಿನ ಒಳ ಅಂಚಿಂದ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಹಿಂದಕ್ಕೆ ಕೂರಿಸು. ಮೂಲೆಗೆ 45 ಡಿಗ್ರಿ ಅಂತಾರೆ, ನಿನ್ನ ಮೂಲೆ ಅದಕ್ಕೆ ಒಪ್ಪಲ್ಲ. ತುಂಡು ಮರ ಕೊಯ್ದು ಕೂಡಿಸಿ ನೋಡು. ಚೌಕಟ್ಟಿನ ಕಡೆ ಒಂದೂಕಾಲು ಇಂಚಿನ ಮೊಳೆ, ಗೋಡೆ ಕಡೆ ಎರಡಿಂಚಿಂದು. ಉಳಿದ ಕೂದಲೆಳೆ ಸಂದಿಗೆ ಕಾಕ್ (ಸಂದು ಮುಚ್ಚೋ ಮೆತು ಅಂಟು) ತುಂಬು.

ಮೊಳೆ ಗನ್ ಕೊಳ್ಳಬೇಡ, ನನ್ನದು ತಗೊಂಡು ಹೋಗು.